ಹೆವಿವೇಟ್ ಬಾಕ್ಸರ್ ಪಳಗುವ ಬಗೆ

ವೃತ್ತಿಪರ ಬಾಕ್ಸಿಂಗ್‌ನಲ್ಲಿ 200 ಪೌಂಡ್‌ಗಿಂತ, ಅಂದರೆ ಸುಮಾರು 90.7 ಕಿಲೋಗಿಂತ ಹೆಚ್ಚು ತೂಗುವವರು ಹೆವಿವೇಟ್ ವಿಭಾಗಕ್ಕೆ ಸೇರುತ್ತಾರೆ. ಕೆಳಗಿನ ವಿಭಾಗಗಳಲ್ಲಿ ಎದುರಾಳಿಗಳ ತೂಕ ಹೆಚ್ಚುಕಡಿಮೆ ಸಮನಾಗಿರುತ್ತದೆ. ಹೆವಿವೇಟ್‌ಗೆ ಮೇಲ್ಮಿತಿಯೇ ಇಲ್ಲದ್ದರಿಂದ ಒಬ್ಬ ಇನ್ನೊಬ್ಬನಿಗಿಂತ ಇಪ್ಪತ್ತು ಕಿಲೋ ಭಾರವಿದ್ದರೂ ಇಬ್ಬರೂ ಒಂದೇ ರಿಂಗ್ ಹತ್ತಬಹುದು. ಸರಿಯಾಗಿ ಬಿದ್ದ ಒಂದೇ ಒಂದು ಹೊಡೆತಕ್ಕೆ ಅಲ್ಲಿ ಪಂದ್ಯ ಮುಗಿದುಹೋಗುತ್ತದೆ. ನೋಡುವವರನ್ನು ಸೆಳೆಯುವ ಈ ಗುಣವೇ ಕಲಿಸುವವರಿಗೆ ದೊಡ್ಡ ತೊಡಕು. ತೋಳಿನಲ್ಲಿ ಹುಟ್ಟುಬಲವಿರುವ ಹುಡುಗ ಹೆಚ್ಚೇನೂ ಕಲಿಯದೆಯೇ ಹತ್ತಿಪ್ಪತ್ತು ಪಂದ್ಯ ಗೆದ್ದುಬಿಡಬಲ್ಲ. ಅವನ ಕುಂದುಗಳು ಬಯಲಾಗುವುದು ಆ ಹೊಡೆತ ತಿಂದೂ ನಿಲ್ಲುವ ಎದುರಾಳಿ ಸಿಕ್ಕ ದಿನ.

ವಯಸ್ಸಿನದು ಇನ್ನೊಂದು ತೊಡಕು. ಹಗುರ ವಿಭಾಗಗಳ ಬಾಕ್ಸರ್‌ಗಳಲ್ಲಿ ಅನೇಕರು ಎಂಟು-ಹತ್ತನೇ ವಯಸ್ಸಿಗೇ ಗವಸು ತೊಟ್ಟಿರುತ್ತಾರೆ. ದೊಡ್ಡ ಮೈಕಟ್ಟಿನ ಹುಡುಗರನ್ನು ಬೇರೆ ಆಟಗಳು ಮೊದಲೇ ಕರೆದುಕೊಂಡುಬಿಡುತ್ತವೆ. ಬಾಕ್ಸಿಂಗ್‌ಗೆ ಅವರು ಬರುವುದು ತಡವಾಗಿ. ಜಾರ್ಜ್ ಫೋರ್ಮನ್ ಬಾಕ್ಸಿಂಗ್ ಶುರುಮಾಡಿದ್ದು ಹದಿಹರೆಯದ ಕೊನೆಯಲ್ಲಿ, ಅಮೆರಿಕ ಸರ್ಕಾರ ಬಡ ಯುವಕರಿಗಾಗಿ ನಡೆಸುತ್ತಿದ್ದ ಜಾಬ್ ಕೋರ್ ಶಿಬಿರದಲ್ಲಿ. 1968ರ ಮೆಕ್ಸಿಕೊ ಒಲಿಂಪಿಕ್ಸ್ ಹೊತ್ತಿಗೆ ಅವರ ಕೊರಳಲ್ಲಿ ಚಿನ್ನದ ಪದಕವಿತ್ತು. 2012ರ ಲಂಡನ್ ಒಲಿಂಪಿಕ್ಸ್‌ನ ಚಿನ್ನ ಗೆದ್ದ ಆಂಥೊನಿ ಜೋಶುವಾ ಕಲಿಯಲು ತೊಡಗಿದ್ದು 18ನೇ ವಯಸ್ಸಿನಲ್ಲಿ. ಡಿಯಾಂಟೆ ವೈಲ್ಡರ್ ಅಲಬಾಮಾ ರಾಜ್ಯದ ಟಸ್ಕಲೂಸಾದಲ್ಲಿ ಮೊದಲ ಬಾರಿ ಜಿಮ್ ಮೆಟ್ಟಿಲು ಹತ್ತಿದಾಗ ಇಪ್ಪತ್ತರ ಹರೆಯ. ಮೂರೇ ವರ್ಷದಲ್ಲಿ, 2008ರಲ್ಲಿ, ಬೀಜಿಂಗ್‌ನಿಂದ ಕಂಚು ತಂದರು. ಇಂಥವರಿಗೆ ಮಗುವಿಗೆ ಹೇಳಿಕೊಡುವ ಅಕ್ಷರಾಭ್ಯಾಸವನ್ನೂ ದೊಡ್ಡ ಪಂದ್ಯಗಳ ಸಿದ್ಧತೆಯನ್ನೂ ಒಟ್ಟೊಟ್ಟಿಗೇ ಮಾಡಿಸಬೇಕಾದದ್ದು ತರಬೇತುದಾರನ ಪಾಡು.

ಅಕ್ಷರಾಭ್ಯಾಸ ಶುರುವಾಗುವುದು ಕೈಯಿಂದಲ್ಲ, ಕಾಲಿನಿಂದ. ಬಲಗೈ ರೂಢಿಯವರು ಎಡಗಾಲು ಮುಂದಿಟ್ಟು ನಿಲ್ಲುತ್ತಾರೆ. ಮುಂದೆ ಹೋಗಲಿ, ಹಿಂದೆ ಸರಿಯಲಿ, ಎರಡು ಪಾದಗಳ ನಡುವಿನ ಅಂತರ ಕೆಡಬಾರದು. ಪಾದಗಳು ಜೋಡಿಯಾದ ಗಳಿಗೆಯಲ್ಲಿ ಹೊಡೆತ ಬಿದ್ದರೆ ಎಷ್ಟೇ ಬಲಶಾಲಿಯಾದರೂ ಉರುಳುತ್ತಾನೆ. ಆಮೇಲೆ ಜ್ಯಾಬ್, ಮುಂದಿನ ಕೈಯ ನೇರ ಹೊಡೆತ. ಅದರಿಂದ ಎದುರಾಳಿ ಬೀಳುವುದು ಅಪರೂಪ. ಅವನನ್ನು ದೂರದಲ್ಲಿಟ್ಟು, ಕಣ್ಣಿಗೆ ಮರೆಯೊಡ್ಡಿ, ಹಿಂದಿನ ಕೈಗೆ ದಾರಿ ತೆರೆಯುವುದು ಅದರ ಕೆಲಸ. ಹೊಡೆದ ಕೈ ಹೋದ ದಾರಿಯಲ್ಲೇ ಗಲ್ಲದ ಬಳಿಗೆ ಮರಳಬೇಕು. ನೂರು ಕಿಲೋ ಮೈಯನ್ನು ಹನ್ನೆರಡು ಸುತ್ತು ಹೊತ್ತು ತಿರುಗಬೇಕಾದವನು ಉಸಿರು ಉಳಿಸಿಕೊಳ್ಳುವುದನ್ನೂ, ಬೇಕೆಂದಾಗ ಎದುರಾಳಿಯನ್ನು ತಬ್ಬಿ ಹಿಡಿದು ವಿಶ್ರಾಂತಿ ಕದಿಯುವುದನ್ನೂ ಕಲಿಯಬೇಕು. ಬಲ ಹುಡುಗನ ಜೊತೆಗೇ ಬರುತ್ತದೆ. ಹೊಡೆತದ ಹಿಂದಿನ ಮತ್ತು ಮುಂದಿನ ಗಳಿಗೆಗಳನ್ನು ಕಲಿಸುವುದೇ ಗುರುವಿನ ವಿದ್ಯೆ.

ಈ ವಿದ್ಯೆಯ ಹಳೆಯ ಮಾದರಿ ಜ್ಯಾಕ್ ಬ್ಲ್ಯಾಕ್‌ಬರ್ನ್. ತಾವು ಲೈಟ್‌ವೇಟ್ ಬಾಕ್ಸರ್ ಆಗಿದ್ದ ಬ್ಲ್ಯಾಕ್‌ಬರ್ನ್, 1934ರಲ್ಲಿ ವೃತ್ತಿಗಿಳಿದ ಡೆಟ್ರಾಯಿಟ್‌ನ ಜೋ ಲೂಯಿಸ್‌ಗೆ ಕಾಲಿನ ಸಮತೋಲ ಕಲಿಸಿದರು. ಶಿಷ್ಯ ಜ್ಯಾಬ್ ಹೊಡೆದ ಮೇಲೆ ಎಡಗೈ ಇಳಿಬಿಡುತ್ತಿದ್ದುದನ್ನು ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್ ಗಮನಿಸಿಟ್ಟುಕೊಂಡು, 1936ರ ಜೂನ್‌ನಲ್ಲಿ ಅದೇ ತೆರಪಿನಲ್ಲಿ ಬಲಗೈ ತೂರಿಸಿ ಹನ್ನೆರಡನೇ ಸುತ್ತಿನಲ್ಲಿ ನಾಕೌಟ್ ಮಾಡಿದರು. ಎರಡು ವರ್ಷದ ಬಳಿಕ ಮರುಪಂದ್ಯ ಮೊದಲ ಸುತ್ತಿನಲ್ಲೇ ಮುಗಿಯಿತು; ಈ ಸಲ ಬಿದ್ದವರು ಷ್ಮೆಲಿಂಗ್. ಜೋ ಲೂಯಿಸ್ 1937ರಿಂದ 1949ರವರೆಗೆ ಚಾಂಪಿಯನ್ ಆಗಿ ಉಳಿದರು.

ಒಬ್ಬನೇ ಬಾಕ್ಸರ್ ಹಲವು ಕೈ ದಾಟಿ ಬೆಳೆದ ಕಥೆಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಮೈಕ್ ಟೈಸನ್ ಅವರದು. ನ್ಯೂಯಾರ್ಕ್‌ನ ಬ್ರೌನ್ಸ್‌ವಿಲ್ ಬೀದಿಗಳಲ್ಲಿ ಕಳ್ಳತನಕ್ಕೆ ಸಿಕ್ಕಿಬಿದ್ದು, ಟ್ರಯಾನ್ ಎಂಬ ಬಾಲಕರ ಸುಧಾರಣಾ ಶಾಲೆಗೆ ಸೇರಿದ ಹುಡುಗ ಆತ. ಅಲ್ಲಿ ಕೆಲಸದಲ್ಲಿದ್ದ ಮಾಜಿ ಬಾಕ್ಸರ್ ಬಾಬಿ ಸ್ಟುವರ್ಟ್ ಮೊದಲ ಪಾಠ ಹೇಳಿಕೊಟ್ಟರು. ಇದು ತಮ್ಮ ಕೈ ಮೀರಿದ ಪ್ರತಿಭೆ ಎಂದು ಅರಿತ ಅವರು ಹುಡುಗನನ್ನು ಕ್ಯಾಟ್‌ಸ್ಕಿಲ್ ಊರಿನ ಕಸ್ ಡಮಾಟೊ ಬಳಿಗೆ ಕರೆದೊಯ್ದರು. ಕಚ್ಚಾ ಹುಡುಗನೊಬ್ಬನ ಬಾಳಿನಲ್ಲಿ ಮೊದಲ ಗುರು ಮಾಡಬಹುದಾದ ದೊಡ್ಡ ಉಪಕಾರವೇ ಇದು. ತನ್ನ ಮಿತಿ ತಿಳಿಯದೆ ಶಿಷ್ಯನನ್ನು ಕಟ್ಟಿಹಾಕಿಕೊಂಡ ಗುರುಗಳಿಂದ ಹಾಳಾದ ಬಾಕ್ಸರ್‌ಗಳು ಕಡಿಮೆಯಿಲ್ಲ.

ಪೊಲೀಸ್ ಠಾಣೆಯ ಮೇಲಿನ ಮಹಡಿಯಲ್ಲಿ ಜಿಮ್ ನಡೆಸುತ್ತಿದ್ದ ಡಮಾಟೊ, 1956ರಲ್ಲಿ ಫ್ಲಾಯ್ಡ್ ಪ್ಯಾಟರ್ಸನ್‌ರನ್ನು 21ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಮಾಡಿದ್ದವರು. ಅವರ ವರಸೆಗೆ ಪೀಕಬೂ ಎಂದು ಹೆಸರು. ಎರಡೂ ಮುಷ್ಟಿ ಕೆನ್ನೆಗೆ ಅಂಟಿಕೊಂಡಿರಬೇಕು, ತಲೆ ಒಂದು ಕ್ಷಣವೂ ಒಂದೇ ಕಡೆ ನಿಲ್ಲಬಾರದು, ತಪ್ಪಿಸಿಕೊಂಡ ಚಲನೆಯೇ ಹೊಡೆತದ ಮೊದಲ ಹೆಜ್ಜೆಯಾಗಬೇಕು. ಒಂದೊಂದು ಹೊಡೆತಕ್ಕೂ ಒಂದೊಂದು ಅಂಕಿ. ಅಂಕಿಗಳನ್ನು ಕೂಗಿದ ಕ್ರಮದಲ್ಲಿ ಯೋಚನೆಯಿಲ್ಲದೆ ಕೈ ಓಡುವವರೆಗೆ ಅಭ್ಯಾಸ ನಡೆಯುತ್ತಿತ್ತು. ಸುಮಾರು 178 ಸೆಂಟಿಮೀಟರ್ ಎತ್ತರದ, ಹೆವಿವೇಟ್ ಲೆಕ್ಕದಲ್ಲಿ ಗಿಡ್ಡ ಎನ್ನಿಸುವ ಹುಡುಗನಿಗೆ ಈ ವರಸೆ ಅಳತೆ ತೆಗೆದು ಹೊಲಿಸಿದ ಅಂಗಿಯಂತೆ ಕೂತಿತು. ದಿನದಿನದ ಪಾಠ ಮೊದಲು ಟೆಡಿ ಅಟ್ಲಾಸ್ ಕೈಯಲ್ಲಿತ್ತು. ಹುಡುಗನ ನಡತೆಯ ವಿಚಾರದಲ್ಲಿ ಡಮಾಟೊ ಜೊತೆ ಮನಸ್ತಾಪವಾಗಿ ಅವರು ಹೊರನಡೆದ ಮೇಲೆ ಕೆವಿನ್ ರೂನಿ ವಹಿಸಿಕೊಂಡರು. ರೂನಿಯೂ ಅದೇ ಜಿಮ್‌ನ ಬಾಕ್ಸರ್, ಅದೇ ವರಸೆ ಕಲಿತವರು. ಆದ್ದರಿಂದ ಕಲಿಸುವವರು ಬದಲಾದರೂ ಪಾಠ ಬದಲಾಗಲಿಲ್ಲ. 1985ರ ನವೆಂಬರ್‌ನಲ್ಲಿ ಡಮಾಟೊ ತೀರಿಕೊಂಡ ಮೇಲೂ ಕಟ್ಟಡ ಅಲುಗದೆ ನಿಂತಿತ್ತು. 1986ರ ನವೆಂಬರ್ 22ರಂದು ಟ್ರೆವರ್ ಬರ್ಬಿಕ್‌ರನ್ನು ಎರಡನೇ ಸುತ್ತಿನಲ್ಲಿ ಮಣಿಸಿದ ಟೈಸನ್, 20ನೇ ವಯಸ್ಸಿಗೆ ಚರಿತ್ರೆಯ ಅತಿ ಕಿರಿಯ ಹೆವಿವೇಟ್ ಚಾಂಪಿಯನ್ ಆದರು.

1988ರಲ್ಲಿ ಟೈಸನ್ ತಮ್ಮ ಗುರು ರೂನಿಯನ್ನು ಕೈಬಿಟ್ಟದ್ದು ಈ ಕಥೆಯ ತಿರುವು. ಟೈಸನ್ ಬಲ ಕುಂದಿರಲಿಲ್ಲ, ವಯಸ್ಸು ಇಪ್ಪತ್ತೆರಡು ಅಷ್ಟೇ. ಆದರೆ ಪೀಕಬೂ ಪ್ರತಿದಿನ ತಿದ್ದುವವರಿಲ್ಲದಿದ್ದರೆ ಸವೆಯುವ ವರಸೆ. ತಲೆಯ ಚಲನೆ ಕಡಿಮೆಯಾಯಿತು, ಜ್ಯಾಬ್ ಮರೆಯಾಯಿತು, ಜೋಡಿಸಿ ಹೊಡೆಯುತ್ತಿದ್ದ ಕಡೆ ಒಂದೊಂದೇ ದೊಡ್ಡ ಹೊಡೆತಕ್ಕೆ ಹುಡುಕಾಟ ಶುರುವಾಯಿತು. 1990ರ ಫೆಬ್ರುವರಿ 11ರಂದು ಟೋಕಿಯೊದಲ್ಲಿ ಬಸ್ಟರ್ ಡಗ್ಲಸ್ ಉದ್ದ ಜ್ಯಾಬ್‌ನಿಂದ ದೂರವಿಟ್ಟು, ಹತ್ತನೇ ಸುತ್ತಿನಲ್ಲಿ ಕೆಡವಿದರು. ಊದಿದ ಕಣ್ಣಿಗೆ ಒತ್ತುವ ತಣ್ಣನೆಯ ಲೋಹದ ತುಂಡು ಸುತ್ತುಗಳ ನಡುವೆ ಬಾಕ್ಸರ್ ವಿರಮಿಸುವ ಯಾವ ಮೂಲೆಯಲ್ಲೂ ಇರಲೇಬೇಕಾದ ಸಾಮಾನು. ಅಂದು ಟೈಸನ್ ಮೂಲೆಯಲ್ಲಿ ಅದಿರಲಿಲ್ಲ. ಹೊಸ ಸಹಾಯಕರು ರಬ್ಬರ್ ಗವಸಿಗೆ ಮಂಜುನೀರು ತುಂಬಿ ಕಣ್ಣಿಗೆ ಹಿಡಿದರು. ಸುತ್ತುಗಳ ನಡುವಿನ ಒಂದು ನಿಮಿಷವೂ ತರಬೇತುದಾರನ ಕಸುಬೇ ಎಂಬುದನ್ನು ತೋರಿಸಲು ಬೇರೆ ಪುರಾವೆ ಬೇಡ.

ಗುರು ಬದಲಾದದ್ದರಿಂದ ಲಾಭವೇ ಆದ ನಿದರ್ಶನ ಲೆನಾಕ್ಸ್ ಲೂಯಿಸ್. ಲಂಡನ್‌ನಲ್ಲಿ ಹುಟ್ಟಿ, ಹನ್ನೆರಡನೇ ವಯಸ್ಸಿಗೆ ಕೆನಡಾದ ಕಿಚನರ್‌ಗೆ ಹೋದ ಹುಡುಗನಿಗೆ ಆರ್ನಿ ಬೇಮ್ ಅಡಿಪಾಯ ಹಾಕಿದರು. ಅನುಭವ ಸಿಗಲೆಂದು ಶಿಷ್ಯನನ್ನು ಕ್ಯಾಟ್‌ಸ್ಕಿಲ್‌ಗೆ ಕರೆದೊಯ್ದು ಹದಿಹರೆಯದ ಟೈಸನ್ ಜೊತೆ ಸ್ಪಾರಿಂಗ್, ಅಂದರೆ ಅಭ್ಯಾಸದ ಕಾದಾಟ, ಮಾಡಿಸಿದವರೂ ಅವರೇ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ರಿಡಿಕ್ ಬೋ ವಿರುದ್ಧ ಚಿನ್ನ ಗೆದ್ದು, ಮರುವರ್ಷ ಲೆನಾಕ್ಸ್ ವೃತ್ತಿಗಿಳಿದರು. ಮೊದಲು ಜಾನ್ ಡೇವನ್‌ಪೋರ್ಟ್, ಆಮೇಲೆ ಪೆಪೆ ಕೊರೇಯ ತರಬೇತಿ ಕೊಟ್ಟರು. ಗೆಲುವುಗಳು ಬಂದವು, ಜೊತೆಗೆ ಎಲ್ಲದಕ್ಕೂ ಬಲಗೈಯನ್ನೇ ನೆಚ್ಚಿಕೊಳ್ಳುವ ಚಾಳಿಯೂ ಬೆಳೆಯಿತು. 1994ರ ಸೆಪ್ಟೆಂಬರ್ 24ರಂದು ವೆಂಬ್ಲಿಯಲ್ಲಿ ಲೆನಾಕ್ಸ್ ಬಲಗೈ ಬೀಸುವಷ್ಟರಲ್ಲಿ ಆಲಿವರ್ ಮೆಕಾಲ್ ಬಲಗೈ ಮೊದಲು ತಲುಪಿತು. ಎರಡನೇ ಸುತ್ತಿನಲ್ಲೇ ಲೆನಾಕ್ಸ್ ಕೈಲಿದ್ದ ವಿಶ್ವ ಪಟ್ಟ ಹೋಯಿತು.

ಮೆಕಾಲ್ ಮೂಲೆಯಲ್ಲಿದ್ದವರು ಡೆಟ್ರಾಯಿಟ್‌ನ ಇಮ್ಯಾನ್ಯುಯೆಲ್ ಸ್ಟೂವರ್ಡ್. ಕ್ರಾಂಕ್ ಎಂಬ ನೆಲಮಾಳಿಗೆಯ ಜಿಮ್‌ನಲ್ಲಿ, ಬೇಕೆಂದೇ ಹೆಚ್ಚಿಸಿದ ಬಿಸಿಯಲ್ಲಿ, ಥಾಮಸ್ ಹರ್ನ್ಸ್ ಅಂಥವರನ್ನು ಬೆಳೆಸಿದ್ದವರು. ಲೆನಾಕ್ಸ್ ತನ್ನನ್ನು ಸೋಲಿಸಲು ಉಪಾಯ ಹೂಡಿದವರನ್ನೇ ಗುರುವಾಗಿ ಕರೆತಂದರು. ಇದಕ್ಕೆ ಬೇಕಾದ ವಿನಯ ಚಾಂಪಿಯನ್‌ಗಳಲ್ಲಿ ಅಪರೂಪ. ಸ್ಟೂವರ್ಡ್ ಹೊಸ ವರಸೆಯೇನನ್ನೂ ಹೇರಲಿಲ್ಲ. ಇದ್ದದ್ದರಲ್ಲಿ ಒಂದನ್ನು ಆರಿಸಿ, ಉಳಿದದ್ದೆಲ್ಲ ಅದರ ಹಿಂದೆ ಬರುವಂತೆ ಮಾಡಿದರು. ಸುಮಾರು 196 ಸೆಂಟಿಮೀಟರ್ ಎತ್ತರದವನ ಎಡಗೈ ಮೊದಲು ಮಾತಾಡಬೇಕು. ಬಲಗೈ ದೂರದಿಂದ ಬೀಸಿ ಬಾರದೆ ಚಿಕ್ಕದಾಗಿ, ನೇರವಾಗಿ ಬರಬೇಕು. ಕಾಲು ನೆಲ ಬಿಡಬಾರದು. 1997ರಲ್ಲಿ ಮೆಕಾಲ್‌ರನ್ನೂ, 1999ರ ನವೆಂಬರ್‌ನಲ್ಲಿ ಇವಾಂಡರ್ ಹೋಲಿಫೀಲ್ಡ್‌ರನ್ನೂ ಗೆದ್ದು ಲೆನಾಕ್ಸ್ ಅವಿವಾದಿತ ಚಾಂಪಿಯನ್ ಆದರು.

ಗುರುವಿನ ಕೈಗೂ ಒಂದು ಎಲ್ಲೆಯಿದೆ. 2001ರ ಏಪ್ರಿಲ್‌ನಲ್ಲಿ ಲೆನಾಕ್ಸ್ ಸಿನಿಮಾ ಚಿತ್ರೀಕರಣ ಮುಗಿಸಿ, ಎತ್ತರ ಪ್ರದೇಶದ ತೆಳುಗಾಳಿಗೆ ಒಗ್ಗಿಕೊಳ್ಳುವಷ್ಟು ಸಮಯವಿಲ್ಲದಂತೆ ದಕ್ಷಿಣ ಆಫ್ರಿಕಾಕ್ಕೆ ಬಂದು, ಹಸೀಮ್ ರಹಮಾನ್ ಕೈಯಲ್ಲಿ ಐದನೇ ಸುತ್ತಿನಲ್ಲಿ ನಾಕೌಟ್ ಆದರು. ಸ್ಟೂವರ್ಡ್ ಮೂಲೆಯಲ್ಲೇ ಇದ್ದರು. ಮಾಡದ ಸಿದ್ಧತೆಗೆ ಅವರಲ್ಲಿ ಮದ್ದಿರಲಿಲ್ಲ. ಏಳು ತಿಂಗಳಲ್ಲಿ ಲೆನಾಕ್ಸ್ ಮರುಪಂದ್ಯ ಗೆದ್ದು, 2002ರ ಜೂನ್ 8ರಂದು ಮೆಂಫಿಸ್‌ನಲ್ಲಿ ಜ್ಯಾಬ್ ಮತ್ತು ಕೆಳಗಿನಿಂದ ಗಲ್ಲಕ್ಕೇರುವ ಅಪ್ಪರ್‌ಕಟ್‌ಗಳಿಂದ ದಣಿಸಿ ಟೈಸನ್‌ರನ್ನು ಎಂಟನೇ ಸುತ್ತಿನಲ್ಲಿ ಕೆಡವಿದರು.

ಸ್ಟೂವರ್ಡ್ ಕಸುಬಿನ ನಿಜವಾದ ಪರೀಕ್ಷೆ ಉಕ್ರೇನ್‌ನ ವ್ಲಾದಿಮಿರ್ ಕ್ಲಿಚ್ಕೊ ವಿಷಯದಲ್ಲಿ ನಡೆಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನ ಚಿನ್ನದ ಬಳಿಕ ವ್ಲಾದಿಮಿರ್ ಹ್ಯಾಂಬರ್ಗ್‌ನಲ್ಲಿ ಫ್ರಿಟ್ಜ್ ಜ್ಡುನೆಕ್ ಗರಡಿ ಸೇರಿದರು. ಪೂರ್ವ ಜರ್ಮನಿಯ ಶಿಸ್ತಿನಲ್ಲಿ ಬೆಳೆದ ಜ್ಡುನೆಕ್ ನೆಟ್ಟಗಿನ ನಿಲುವು, ಉದ್ದ ಎಡಗೈ, ಒಳಹೊಕ್ಕು ಹೊರಬರುವ ಕಾಲುಗಳನ್ನು ಗಟ್ಟಿಮಾಡಿಸಿದರು. ಸಾಲದೆ ಬಂದದ್ದು ಉಸಿರು ಮತ್ತು ಅಪಾಯ ಬಂದಾಗಿನ ನೆಮ್ಮದಿ. 1998ರಲ್ಲಿ ಕೀವ್‌ನಲ್ಲಿ, ಅದಾಗಲೇ ಹದಿಮೂರು ಸೋಲು ಕಂಡಿದ್ದ ರಾಸ್ ಪ್ಯುರಿಟಿ ಎದುರು ವ್ಲಾದಿಮಿರ್ ಹನ್ನೊಂದನೇ ಸುತ್ತಿಗೆ ಸುಸ್ತಾಗಿ ಸೋತರು. 2003ರಲ್ಲಿ ಎಡಗೈ ಬಾಕ್ಸರ್ ಕೋರಿ ಸ್ಯಾಂಡರ್ಸ್ ಎರಡೇ ಸುತ್ತಿನಲ್ಲಿ ನಾಲ್ಕು ಸಲ ಕೆಡವಿದರು.

ಸ್ಟೂವರ್ಡ್ ಬಂದ ಮೇಲಿನ ಮೊದಲ ಪಂದ್ಯವೂ ಸೋಲೇ. 2004ರ ಏಪ್ರಿಲ್‌ನಲ್ಲಿ ಲೇಮನ್ ಬ್ರೂಸ್ಟರ್‌ರನ್ನು ನಾಲ್ಕನೇ ಸುತ್ತಿನಲ್ಲಿ ಕೆಡವಿದ ವ್ಲಾದಿಮಿರ್, ಐದನೆಯದರಲ್ಲಿ ತಾವೇ ಶಕ್ತಿ ಬತ್ತಿ ಕುಸಿದರು. ಅವರ ಕಾಲ ಮುಗಿಯಿತೆಂದು ಬಹಳ ಮಂದಿ ಬರೆದರು. ಸ್ಟೂವರ್ಡ್ ಬಿಟ್ಟುಹೋಗಲಿಲ್ಲ. ಜ್ಡುನೆಕ್ ಕಲಿಸಿದ ಉದ್ದ ಎಡಗೈಯನ್ನೇ ಬೇರಾಗಿಟ್ಟುಕೊಂಡು, ಎದುರಾಳಿ ಹತ್ತಿರ ಬಂದರೆ ಹೊಡೆದಾಟಕ್ಕಿಳಿಯದೆ ಒಂದು ಹೆಜ್ಜೆ ಹಿಂದೆ ಸರಿ, ಅದೂ ಆಗದಿದ್ದರೆ ತಬ್ಬಿ ಹಿಡಿ ಎಂದು ಕಲಿಸಿದರು. 2005ರ ಸೆಪ್ಟೆಂಬರ್‌ನಲ್ಲಿ ಸ್ಯಾಮ್ಯುಯೆಲ್ ಪೀಟರ್ ಮೂರು ಸಲ ಕೆಡವಿದರೂ ವ್ಲಾದಿಮಿರ್ ಎದ್ದು, ಗಾಬರಿಯಾಗದೆ ಜ್ಯಾಬ್‌ಗೆ ಮರಳಿ, ಮೂವರು ತೀರ್ಪುಗಾರರ ಪಟ್ಟಿಯಲ್ಲೂ 114-111ರಿಂದ ಗೆದ್ದರು. ಹಿಂದಿನ ವ್ಲಾದಿಮಿರ್ ಆ ರಾತ್ರಿ ಉಳಿಯುತ್ತಿರಲಿಲ್ಲ. ಮರುವರ್ಷದ ಏಪ್ರಿಲ್‌ನಲ್ಲಿ ಕ್ರಿಸ್ ಬರ್ಡ್‌ರನ್ನು ಸೋಲಿಸಿ ಪಡೆದ ಪಟ್ಟ, 2015ರ ನವೆಂಬರ್‌ನಲ್ಲಿ ಟೈಸನ್ ಫ್ಯೂರಿ ಕಸಿದುಕೊಳ್ಳುವವರೆಗೆ ಕೈಬಿಡಲಿಲ್ಲ. ಹೆವಿವೇಟ್‌ನಲ್ಲಿ ಇದಕ್ಕಿಂತ ದೀರ್ಘವಾಗಿ, ಎಡೆಬಿಡದೆ ಆಳಿದವರು ಜೋ ಲೂಯಿಸ್ ಒಬ್ಬರೇ.

ತಬ್ಬಿ ಹಿಡಿಯುವುದು ಅತಿಯಾಯಿತು ಎಂಬ ದೂರು ಆ ವರ್ಷಗಳುದ್ದಕ್ಕೂ ಇತ್ತು. 2013ರಲ್ಲಿ ಮಾಸ್ಕೋದಲ್ಲಿ ರಷ್ಯಾದ ಬಾಕ್ಸರ್ ಪೊವೆಟ್ಕಿನ್ ಎದುರು ವ್ಲಾದಿಮಿರ್ ಆಡಿದ ಪಂದ್ಯ ನೋಡಿದವರಿಗೆ ಆ ದೂರು ನ್ಯಾಯವೆಂದೇ ತೋರುತ್ತದೆ. ಆದರೂ ಮತ್ತೆ ಮತ್ತೆ ಕುಸಿಯುತ್ತಿದ್ದ ಬಾಕ್ಸರ್‌ನನ್ನು ದಶಕದ ಹತ್ತಿರ ಸೋಲದಂತೆ ನಿಲ್ಲಿಸಿದ್ದು ತರಬೇತಿಯ ಚರಿತ್ರೆಯಲ್ಲಿ ದೊಡ್ಡ ಸಾಧನೆ.

ಸ್ಟೂವರ್ಡ್ 2012ರ ಅಕ್ಟೋಬರ್ 25ರಂದು ತೀರಿಕೊಂಡರು. ವ್ಲಾದಿಮಿರ್ ಹೊಸ ಹೆಸರು ಹುಡುಕಲಿಲ್ಲ. ತಮ್ಮ ಶಿಬಿರದಲ್ಲಿ ಸ್ಪಾರಿಂಗ್ ಮಾಡುತ್ತಿದ್ದ, ಸ್ಟೂವರ್ಡ್ ಶಿಷ್ಯರೇ ಆದ ಜೊನಾಥನ್ ಬ್ಯಾಂಕ್ಸ್‌ರನ್ನು ಮೂಲೆಗೆ ನಿಲ್ಲಿಸಿಕೊಂಡರು. ನವೆಂಬರ್ 10ರಂದು ಹ್ಯಾಂಬರ್ಗ್‌ನಲ್ಲಿ ಬ್ಯಾಂಕ್ಸ್ ಮಾರ್ಗದರ್ಶನದಲ್ಲಿ ಮಾರಿಯುಷ್ ವಾಹ್‌ರನ್ನು ಅಂಕಗಳ ಮೇಲೆ ಸೋಲಿಸಿದರು. ಒಂದು ವಾರ ಕಳೆದು ಬ್ಯಾಂಕ್ಸ್ ತಾವೇ ಗವಸು ತೊಟ್ಟು, ಅಜೇಯರಾಗಿದ್ದ ಹೆವಿವೇಟ್ ಸೇತ್ ಮಿಚೆಲ್‌ರನ್ನು ಎರಡನೇ ಸುತ್ತಿನಲ್ಲಿ ಮಣಿಸಿದರು.