ಕಾಣದಿರುವುದೂ ಒಂದು ಪ್ರಮಾಣವೆ?

2007ನೆಯ ಇಸವಿ ಸೆಪ್ಟೆಂಬರ್ 14, ಶುಕ್ರವಾರ. ಉತ್ತರ ಇಂಗ್ಲೆಂಡಿನ ಡಾಂಕಾಸ್ಟರ್ ಪಟ್ಟಣದ ಆಂಡ್ರ್ಯೂ ಗಾಸ್ಡನ್ ಎಂಬ ಹದಿನಾಲ್ಕು ವರ್ಷದ ಬಾಲಕನು ಎಂದಿನಂತೆ ಶಾಲೆಯ ಸಮವಸ್ತ್ರವನ್ನು ತೊಟ್ಟು ಮನೆಯಿಂದ ಹೊರಟನು. ಶಾಲೆಗೆ ಮಾತ್ರ ಹೋಗಲಿಲ್ಲ. ಮನೆಯವರೆಲ್ಲ ಹೊರಟುಹೋದ ಮೇಲೆ ಹಿಂದಿರುಗಿ, ಸಮವಸ್ತ್ರವನ್ನು ಬಟ್ಟೆ ಒಗೆಯುವ ಯಂತ್ರದಲ್ಲಿಟ್ಟು, ಬೇರೆ ಉಡುಪು ಧರಿಸಿದನು. ಆ ಬೆಳಿಗ್ಗೆಯೇ ಬ್ಯಾಂಕಿನ ಖಾತೆಯಲ್ಲಿದ್ದ 214 ಪೌಂಡುಗಳಲ್ಲಿ 200 ಪೌಂಡುಗಳನ್ನು ತೆಗೆದಿದ್ದನು. ರೈಲು ನಿಲ್ದಾಣಕ್ಕೆ ಹೋಗಿ ಲಂಡನ್ನಿಗೆ ಒಂದೇ ಕಡೆಯ ಟಿಕೆಟನ್ನು ಕೊಂಡನು. ಹೋಗಿಬರುವ ಟಿಕೆಟಿಗೆ ಐವತ್ತು ಪೆನ್ನಿ ಮಾತ್ರ ಹೆಚ್ಚೆಂದು ಟಿಕೆಟ್ ಕೊಡುವಾಕೆ ಹೇಳಿದರೂ ಬೇಡವೆಂದನು. ಅಂದು ಹನ್ನೊಂದೂವರೆಗೆ ತುಸು ಮೊದಲು ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಅವನು ಹೊರಬರುತ್ತಿರುವುದು ಕಾವಲು ಕ್ಯಾಮೆರಾದಲ್ಲಿ ದಾಖಲಾಗಿದೆ. ಅವನ ಬಗೆಗೆ ಲೋಕಕ್ಕೆ ಖಚಿತವಾಗಿ ತಿಳಿದಿರುವ ಕೊನೆಯ ಸಂಗತಿ ಇದೇ.

ಓದಿನಲ್ಲಿ, ಅದರಲ್ಲಿಯೂ ಗಣಿತದಲ್ಲಿ, ಮುಂದಿದ್ದ ಹುಡುಗ, ಶಾಲೆ ತಪ್ಪಿಸಿದವನಲ್ಲ, ಮಿತಭಾಷಿ. ಇಂಥವನು ಹೀಗೇಕೆ ಹೋದನು? ಈ ಪ್ರಶ್ನೆಗೆ ಹುಟ್ಟಿಕೊಂಡ ಉತ್ತರಗಳು ಹಲವು. ಯಾವುದೋ ಸಂಗೀತ ಕಛೇರಿಗೆ ಹೋದನೆಂದು ಕೆಲವರು. ಮನಸ್ಸಿನಲ್ಲಿ ಯಾವುದೋ ವ್ಯಥೆಯನ್ನು ಅಡಗಿಸಿಕೊಂಡಿದ್ದನೆಂದು ಕೆಲವರು. ಆದರೆ ವರ್ಷಗಳು ಕಳೆದಂತೆ ಬಲಿತು ನಿಂತದ್ದು ಇನ್ನೊಂದು ಊಹೆ: ಅಂತರಜಾಲದ ಮೂಲಕ ಅಪರಿಚಿತನೊಬ್ಬನು ಅವನ ವಿಶ್ವಾಸ ಗಳಿಸಿ ಲಂಡನ್ನಿಗೆ ಕರೆಸಿಕೊಂಡಿರಬೇಕು ಎಂಬುದು.

ಈ ಕೃತ್ಯಕ್ಕೆ ಇಂಗ್ಲಿಷಿನವರು ‘ಗ್ರೂಮಿಂಗ್’ ಎನ್ನುತ್ತಾರೆ. ಕುದುರೆಯ ಮೈ ಉಜ್ಜಿ ಉಪಚರಿಸುವವನ ಹೆಸರು ಈ ಮಾತಿನೊಳಗಿದೆ. ಕನ್ನಡದಲ್ಲಿ ‘ಪುಸಲಾಯಿಸುವುದು’ ಎಂದರೆ ಅರ್ಥ ಸಾಲದು; ಅದು ಒಂದು ಗಳಿಗೆಯ ಕೆಲಸ. ‘ಪಳಗಿಸುವುದು’ ಎಂಬುದು ಹೆಚ್ಚು ಹತ್ತಿರವೆಂದು ನನಗೆ ತೋರುತ್ತದೆ. ಆದರೂ ಒಂದು ಭೇದವಿದೆ. ಪಳಗುವ ಆನೆಗೆ ತನ್ನ ಕಾಲಿನ ಸರಪಳಿ ಗೊತ್ತು. ಇಲ್ಲಿ ಮಗುವಿಗೆ ಸರಪಳಿಯೇ ಕಾಣದು, ಸ್ನೇಹವಷ್ಟೇ ಕಾಣುತ್ತದೆ. ಮೊದಲು ಹೊಗಳಿಕೆ, ಬಳಿಕ ಗುಟ್ಟು, ಅನಂತರ ‘ಮನೆಯವರಿಗೆ ಹೇಳಬೇಡ’ ಎಂಬ ಒಪ್ಪಂದ, ಕಡೆಗೆ ಭೇಟಿ. ಈ ಕ್ರಮ ಕಟ್ಟುಕಥೆಯಲ್ಲ. ನ್ಯಾಯಾಲಯಗಳಲ್ಲಿ ಮತ್ತೆ ಮತ್ತೆ ಸಿದ್ಧವಾದದ್ದು. ಹೀಗೆ ಪಳಗಿಸಿದ ಮಗುವನ್ನು ಭೇಟಿಯಾಗುವುದನ್ನು ಇಂಗ್ಲೆಂಡಿನ 2003ರ ಶಾಸನವು ಪ್ರತ್ಯೇಕ ಅಪರಾಧವೆಂದು ಸಾರಿತು. ಮಗುವಿನೊಡನೆ ಲೈಂಗಿಕ ಸಂಭಾಷಣೆ ನಡೆಸುವುದೇ ಅಪರಾಧವೆಂಬ ವಿಧಿಯು 2015ರಲ್ಲಿ ರೂಪುಗೊಂಡು 2017ರಲ್ಲಿ ಜಾರಿಗೆ ಬಂದಿತು.

ಅಪಾಯ ನಿಜ. ಆದರೆ ಈ ಬಾಲಕನ ವಿಷಯದಲ್ಲಿ ಅದು ಸಂಭವಿಸಿತೆ? ಆಂಡ್ರ್ಯೂವಿನ ಬಳಿ ಆಗ ಮೊಬೈಲು ಫೋನು ಇರಲಿಲ್ಲ. ಪೊಲೀಸರು ಮನೆಯ, ಶಾಲೆಯ, ಊರ ಗ್ರಂಥಾಲಯದ ಕಂಪ್ಯೂಟರುಗಳನ್ನು ಪರಿಶೀಲಿಸಿದರು. ಅಪರಿಚಿತರೊಡನೆ ಸಂಪರ್ಕವಿದ್ದ ಸುಳಿವು ದೊರೆಯಲಿಲ್ಲ. ಅವನು ಜೊತೆಗೆ ಒಯ್ದ ಪಿ.ಎಸ್.ಪಿ. ಎಂಬ ಆಟದ ಯಂತ್ರವು ಅಂತರಜಾಲವನ್ನು ಸೇರಬಲ್ಲದ್ದಾಗಿತ್ತು. ಆದರೆ ಅದರ ಮೂಲಕ ಯಾವ ಖಾತೆಯನ್ನೂ ತೆರೆದಿಲ್ಲವೆಂದು ತಯಾರಕರಾದ ಸೋನಿ ಸಂಸ್ಥೆಯವರು ತಿಳಿಸಿದರು.

ನಮ್ಮ ಹಿಂದಿನವರ ಪ್ರಮಾಣವಿಚಾರ ಇಲ್ಲಿ ನೆರವಿಗೆ ಬರುತ್ತದೆ. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ‘ಅನುಪಲಬ್ಧಿ’ ಎಂಬುದನ್ನು ಆರನೆಯ ಪ್ರಮಾಣವಾಗಿ ಒಪ್ಪಿದ್ದಾರೆ. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆಂಬ ಜ್ಞಾನ ಉಂಟಾಗುತ್ತದೆ. ಆದರೆ ಅವರು ಒಂದು ಷರತ್ತನ್ನು ಹಾಕಿದರು: ಇದ್ದಿದ್ದರೆ ಕಾಣುವಂತಿರಬೇಕು. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂಬುದು ಯಾವುದಕ್ಕೂ ಪ್ರಮಾಣವಲ್ಲ. ಶೋಧಿಸಿದ ಯಂತ್ರಗಳು ಬೆಳಕಿದ್ದ ಕೋಣೆಗಳು. ಅಲ್ಲಿ ಗಡಿಗೆ ಇರಲಿಲ್ಲ. ಯಾರಿಗೂ ತಿಳಿಯದ ಬೇರೊಂದು ಯಂತ್ರವಿದ್ದಿದ್ದರೆ ಅದು ಕತ್ತಲೆಯ ಕೋಣೆ. ಅಲ್ಲಿ ಇತ್ತೆನ್ನುವುದೂ ಇರಲಿಲ್ಲವೆನ್ನುವುದೂ ಸಮಾನವಾಗಿ ಸಲ್ಲದ ಮಾತು. ಊಹೆಯನ್ನು ನೆಚ್ಚಿದವರಾದರೋ ಕತ್ತಲೆಯನ್ನೇ ಗಡಿಗೆಗೆ ಸಾಕ್ಷಿಯಾಗಿ ಮಾಡುತ್ತಾರೆ: ‘ಏನೂ ಸಿಗಲಿಲ್ಲ, ಆದ್ದರಿಂದ ಎಷ್ಟು ಜಾಣತನದಿಂದ ಅಳಿಸಿರಬೇಕು!’ ಹೀಗೆ ವಾದಿಸುವವನನ್ನು ಸೋಲಿಸಲು ಯಾವ ಸಂಗತಿಯಿಂದಲೂ ಸಾಧ್ಯವಿಲ್ಲ. ಅದೇ ಆ ವಾದದ ದೋಷ.

ಸಿಕ್ಕಿರುವ ಕುರುಹುಗಳಾದರೂ ಒಂದೇ ದಿಕ್ಕನ್ನು ತೋರಿಸುತ್ತವೆಯೆ? ಅದೂ ಇಲ್ಲ. ಒಂದೇ ಕಡೆಯ ಟಿಕೆಟು ‘ಹಿಂದಿರುಗುವ ಯೋಚನೆಯಿರಲಿಲ್ಲ’ ಎನ್ನುತ್ತದೆ. ಮನೆಯಲ್ಲಿಯೇ ಬಿಟ್ಟುಹೋದ ಆಟದ ಯಂತ್ರದ ಚಾರ್ಜರೂ ಹುಟ್ಟುಹಬ್ಬಕ್ಕೆ ಬಂದಿದ್ದ 100 ಪೌಂಡುಗಳೂ ‘ಬೇಗ ಬರುತ್ತೇನೆ’ ಎನ್ನುತ್ತವೆ. ಲಂಡನ್ನು ಅವನಿಗೆ ಹೊಸದಲ್ಲ, ಅಲ್ಲಿ ಬಂಧುಗಳಿದ್ದರು. ಅಲ್ಲಿಗೆ ಹೋಗಲು ಯಾರೋ ಕರೆದಿರಲೇಬೇಕೆಂಬ ನಿಯಮವಿಲ್ಲ.

ಹೀಗಿದ್ದೂ ಈ ಊಹೆ ನಮ್ಮನ್ನೇಕೆ ಬಿಡದು? ಸಾಹಿತ್ಯವನ್ನು ಬೋಧಿಸುವ ನನಗೆ ಇದರ ಉತ್ತರ ತರಗತಿಯಲ್ಲಿಯೇ ದೊರೆಯುತ್ತದೆ. ಕೊನೆಯಿಲ್ಲದ ಕಥೆಯನ್ನು ಕೊಟ್ಟರೆ ವಿದ್ಯಾರ್ಥಿಗಳು ತಾವೇ ಕೊನೆಯನ್ನು ಸೇರಿಸುತ್ತಾರೆ. ಕಾರಣವಿಲ್ಲದ ಕೇಡನ್ನು ತೋರಿಸಿದರೆ ಖಳನೊಬ್ಬನನ್ನು ಹುಡುಕುತ್ತಾರೆ. ಕಾವ್ಯದಲ್ಲಿ ಅದು ಸಹೃದಯತೆ. ಬದುಕಿನಲ್ಲಿ ಅದಕ್ಕೆ ಬೆಲೆ ತೆರುವವರು ಬೇರೆಯವರು. 2021ರ ಡಿಸೆಂಬರಿನಲ್ಲಿ ಅಪಹರಣ ಮತ್ತು ಮಾನವ ಸಾಗಣೆಯ ಸಂಶಯದ ಮೇಲೆ ಇಬ್ಬರನ್ನು ಬಂಧಿಸಲಾಯಿತು. ಸುದ್ದಿ ಹೊರಬಿದ್ದೊಡನೆ, ಒಗಟು ಬಿಡಿಸಿತೆಂದೇ ಬಹುಮಂದಿ ಭಾವಿಸಿದರು. ಅವರಿಬ್ಬರಿಗೂ ಈ ಕಣ್ಮರೆಗೂ ಸಂಬಂಧವಿಲ್ಲವೆಂದು ಪೊಲೀಸರು ಹೇಳಿದ್ದು 2023ರಲ್ಲಿ. ಪೊಲೀಸರು ಸಂಶಯಪಟ್ಟು ಪರೀಕ್ಷಿಸಿ ಕೈಬಿಡುವುದು ಅವರ ಕರ್ತವ್ಯ. ಓದುಗರಾದ ನಾವು ಸಂಶಯವನ್ನು ಹಿಡಿಯುವುದರಲ್ಲಿ ಚುರುಕು, ಕೈಬಿಡುವುದರಲ್ಲಿ ನಿಧಾನ.

ಇನ್ನೊಂದು ನಷ್ಟವೂ ಇದೆ. ಕಾಣದ ಖಳನ ಮೇಲೆ ಕಣ್ಣಿಟ್ಟವರಿಗೆ ಕಾಣುವ ಲೋಪಗಳು ಸಣ್ಣವಾಗಿ ತೋರುತ್ತವೆ. ಆ ದಿನ ಹುಡುಗ ಬಂದಿಲ್ಲವೆಂದು ತಿಳಿಸಲು ಶಾಲೆಯವರು ಮಾಡಿದ ಕರೆ ಬೇರೊಂದು ಮನೆಗೆ ಹೋಯಿತು. ತಂದೆತಾಯಿಗಳಿಗೆ ವಿಷಯ ತಿಳಿದದ್ದು ಸಂಜೆಯ ಊಟದ ಹೊತ್ತಿಗೆ. ನಿಲ್ದಾಣದ ಚಿತ್ರದಲ್ಲಿ ಅವನನ್ನು ಗುರುತಿಸುವ ವೇಳೆಗೆ 27 ದಿನಗಳು ಕಳೆದಿದ್ದವು. ಅಲ್ಲಿಂದ ಅವನು ಯಾವ ಕಡೆಗೆ ನಡೆದನೆಂದು ತೋರಿಸುವ ಇನ್ನೊಂದು ಚಿತ್ರ ದೊರೆಯಲೇ ಇಲ್ಲ. ಒಂದು ದೂರವಾಣಿ ಸಂಖ್ಯೆ, ಕೆಲವು ದಿನಗಳ ತಡ: ಇವುಗಳಲ್ಲಿ ಕಥೆಯ ಸ್ವಾರಸ್ಯವಿಲ್ಲ, ನಿಜ. ಆದರೆ ಮುಂದಿನ ಮಗುವಿನ ಪಾಲಿಗೆ ತಿದ್ದಬಹುದಾದವು ಇವೇ.

ಮಕ್ಕಳಿಗೆ ಅಂತರಜಾಲದ ಅಪಾಯವನ್ನು ನಾವು ಅವಶ್ಯವಾಗಿ ತಿಳಿಸಬೇಕು. ಸಾಬೀತಾದ ನಿದರ್ಶನಗಳು ಅದಕ್ಕೆ ಬೇಕಾದಷ್ಟಿವೆ. ಆ ಪಾಠಕ್ಕೆ ಈ ಹುಡುಗನನ್ನು ದೃಷ್ಟಾಂತವಾಗಿ ನಿಲ್ಲಿಸುವುದು ಬೇಡ. ದೃಷ್ಟಾಂತವಾದವನ ಕಥೆ ಮುಗಿದಂತೆ. ಮುಗಿದ ಕಥೆಯವನನ್ನು ಯಾರೂ ಹುಡುಕುವುದಿಲ್ಲ. ಆಂಡ್ರ್ಯೂವಿನ ಮನೆಯವರು ಇಷ್ಟು ವರ್ಷ ಜನರನ್ನು ಬೇಡಿಕೊಂಡು ಬಂದಿರುವುದು ಹುಡುಕಾಟದಲ್ಲಿ ನೆರವನ್ನು. ‘ಗೊತ್ತಿಲ್ಲ’ ಎಂಬ ಮಾತನ್ನು ಪ್ರಾಮಾಣಿಕವಾಗಿ ಉಳಿಸಿಕೊಂಡರೆ ಮಾತ್ರ ಆ ಹುಡುಕಾಟಕ್ಕೆ ಎಡೆಯಿರುತ್ತದೆ.