ಕಬ್ಬಿಣದ ಲೆಕ್ಕ, ಪ್ಲಾಸ್ಟಿಕ್ಕಿನ ಮಷೀನು

ಔರಾದದಿಂದಲೋ ಭಾಲ್ಕಿಯಿಂದಲೋ ಹೊಲಿಗೆ ಮಷೀನನ್ನು ರಿಪೇರಿಗೆಂದು ಬೀದರಿಗೆ ತಂದವರು, ಅದನ್ನು ಕಾರಿನಲ್ಲೇ ಬಿಟ್ಟು ಉಳಿದ ಕೆಲಸ ಮುಗಿಸಿಕೊಳ್ಳಲು ಹೊರಡುವುದು ಸಹಜ. ಕಬ್ಬಿಣಕ್ಕೆ ಬಿಸಿಲೇನು ಮಾಡೀತು ಎಂಬ ಧೈರ್ಯ. ಕಾಲಿನಿಂದ ತುಳಿಯುವ ಕರಿ ಮಷೀನಿನ ಕಾಲಕ್ಕೆ ಆ ಧೈರ್ಯ ಸಲ್ಲುತ್ತಿತ್ತು. ಅದರ ಮೈ ಎರಕದ ಕಬ್ಬಿಣ, ಗಾಲಿ ಕಬ್ಬಿಣ, ಬೆಲ್ಟು ತೊಗಲಿನದು. ಈಗ ಮನೆಗಳಿಗೆ ಬರುತ್ತಿರುವ ಹಗುರ ಮಷೀನಿನ ಕವಚ ಪ್ಲಾಸ್ಟಿಕ್ಕಿನದು. ಒಳಗಿನ ಕೆಲವು ಹಲ್ಲುಚಕ್ರಗಳು ನೈಲಾನಿನವು, ಬೆಲ್ಟು ರಬ್ಬರಿನದು, ದುಬಾರಿ ಮಾದರಿಗಳಲ್ಲಿ ಎಲೆಕ್ಟ್ರಾನಿಕ್ ಪರದೆಯೂ ಇರುತ್ತದೆ. ಮಷೀನು ಬದಲಾಗಿದೆ, ನಮ್ಮ ಲೆಕ್ಕ ಮಾತ್ರ ಇನ್ನೂ ಕಬ್ಬಿಣದ್ದೇ.

ಏಪ್ರಿಲ್, ಮೇ ತಿಂಗಳಲ್ಲಿ ಬೀದರಿನ ಬಿಸಿಲು 40 ಡಿಗ್ರಿ ಮುಟ್ಟುವುದು ಹೊಸದಲ್ಲ. ಮುಚ್ಚಿದ ಕಾರು ಅಲ್ಲಿಂದ ಮೇಲಕ್ಕೇರುತ್ತದೆ. ಗಾಜು ದಾಟಿ ಬಂದ ಬಿಸಿಲು ಸೀಟು, ಡ್ಯಾಶ್‌ಬೋರ್ಡುಗಳನ್ನು ಕಾಯಿಸುತ್ತದೆ. ಅವುಗಳಿಂದ ಕಾದ ಗಾಳಿಗೆ ಹೊರಹೋಗಲು ದಾರಿಯಿಲ್ಲ. ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊರಗೆ 38 ಡಿಗ್ರಿ ಮೀರಿದ ದಿನಗಳಲ್ಲಿ ಒಂದು ಗಂಟೆ ಬಿಸಿಲಿಗೆ ನಿಂತ ಕಾರುಗಳ ಒಳಗಾಳಿ ಸರಾಸರಿ 47 ಡಿಗ್ರಿಗೆ, ಸೀಟು 51ಕ್ಕೆ, ಡ್ಯಾಶ್‌ಬೋರ್ಡು 69ಕ್ಕೆ ಏರಿದ್ದವು. ನೈಲಾನ್ ಕರಗಬೇಕಾದರೆ 200 ಡಿಗ್ರಿ ದಾಟಬೇಕು, ನಿಜ. ಆದರೆ ಕೆಡುವುದಕ್ಕೆ ಕರಗಲೇಬೇಕೆಂದಿಲ್ಲ. ಬಿಸಿಗೆ ನೈಲಾನ್ ತನ್ನ ಬಿಗಿ ಸಡಿಲಿಸುತ್ತದೆ, ಗ್ರೀಸು ತೆಳುವಾಗಿ ಇರಬೇಕಾದ ಜಾಗ ಬಿಟ್ಟು ಸರಿಯುತ್ತದೆ, ಎಣ್ಣೆ ಬೇಗ ಹಳಸಿ ಅಂಟಾಗುತ್ತದೆ, ಮತ್ತೆ ಮತ್ತೆ ಕಾದ ರಬ್ಬರು ಗಡುಸಾಗಿ ಬಿರಿಯುತ್ತದೆ.

ಕಿಟಕಿ ಎರಡು ಬೆರಳು ಇಳಿಸಿದರೆ ಸಾಲದೇ ಎಂದು ಕೇಳಬಹುದು. ಸ್ಟ್ಯಾನ್‌ಫರ್ಡ್ ಸಂಶೋಧಕರ 2005ರ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿದೆ: ಸ್ವಲ್ಪ ತೆರೆದ ಕಿಟಕಿಯಿಂದ ಹೇಳಿಕೊಳ್ಳುವಂಥ ಲಾಭವಿಲ್ಲ, ಒಂದು ಗಂಟೆಯಲ್ಲಿ ಏರುವ ಬಿಸಿಯ ಶೇಕಡಾ 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ ಏರಿರುತ್ತದೆ. ಹಾಗಾಗಿ ‘ಹೀಗೆ ಹೋಗಿ ಹಾಗೆ ಬರುತ್ತೇನೆ’ ಎಂಬ ಮಾತೂ ನಿಲ್ಲುವುದಿಲ್ಲ. ನೆರಳು ಮಾತ್ರ ನಿಜಕ್ಕೂ ನೆರವಾಗುತ್ತದೆ: ಅರಿಜೋನಾದಲ್ಲಿ ನೆರಳಿನ ಕಾರುಗಳ ಗಾಳಿ 38 ಡಿಗ್ರಿಯ ಆಸುಪಾಸಿನಲ್ಲೇ ಇತ್ತು. ತಗಡಿನ ಮಾಡಿನ ಕೆಳಗೆ ಟೈಲರುಗಳು ಬೇಸಿಗೆಯಿಡೀ ಹೊಲಿಯುವುದಿಲ್ಲವೇ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಮನುಷ್ಯ ಕೂತು ದುಡಿಯಬಲ್ಲಷ್ಟು ಬಿಸಿಯನ್ನು ಮಷೀನೂ ತಾಳುತ್ತದೆ, ಅಲ್ಲಿ ಗಾಳಿಯಾಡುತ್ತದೆ, ಎಣ್ಣೆಯೂ ಬೀಳುತ್ತಿರುತ್ತದೆ. ಬಾಗಿಲು ಹಾಕಿದ ಕಾರಿನಲ್ಲಿ ಯಾರೂ ಕೂರಲಾರರು.

ಚಳಿಗಾಲದ ತೊಂದರೆ ಸಣ್ಣದು, ಆದರೆ ಇದೆ. ಡಿಸೆಂಬರ್, ಜನವರಿಯಲ್ಲಿ ಬೀದರಿನ ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುವುದುಂಟು. ರಾತ್ರಿಯಿಡೀ ಕಾರಿನಲ್ಲಿದ್ದ ಮಷೀನಿನ ಗ್ರೀಸು ಗಟ್ಟಿಯಾಗಿರುತ್ತದೆ. ಬೆಳಗ್ಗೆ ಒಮ್ಮೆಲೇ ಓಡಿಸಿದರೆ ಮೋಟಾರು ಆ ಬಿಗಿಯ ವಿರುದ್ಧ ತಿಣುಕಬೇಕು. ಎರಡೂ ಕಾಲಕ್ಕೆ ಉಪಾಯ ಒಂದೇ: ಮನೆಯೊಳಗೆ ತಂದಿಟ್ಟು, ಮುಟ್ಟಿದರೆ ಬಿಸಿಯೂ ತಣ್ಣಗೂ ಅನ್ನಿಸದಷ್ಟು ಹೊತ್ತು ಬಿಡಿ. ಆಮೇಲೆ ದಾರ ಪೋಣಿಸದೆ ಚಕ್ರವನ್ನು ಕೈಯಿಂದ ನಾಲ್ಕು ಸುತ್ತು ತಿರುಗಿಸಿ. ಸರಾಗವಾಗಿ ತಿರುಗಿದರೆ ಮಾತ್ರ ಸ್ವಿಚ್ಚು ಹಾಕಿ. ಬೆಣ್ಣೆ ಕೊಂಡವರು ಅದನ್ನು ಕಾರಿನಲ್ಲಿ ಬಿಟ್ಟು ಹೋಗುವುದಿಲ್ಲ, ಏಕೆಂದರೆ ಬೆಣ್ಣೆ ಅಲ್ಲೇ ಕರಗಿ ತೋರಿಸುತ್ತದೆ. ಮಷೀನು ತೋರಿಸುವುದು ಮೂರು ಬೇಸಿಗೆ ಕಳೆದ ಮೇಲೆ, ಆಗ ಕಾರಿನ ನೆನಪು ಯಾರಿಗೂ ಇರುವುದಿಲ್ಲ.