ಕಡಲೆಕಾಯಿ ಬಿಸ್ಕತ್ತು: ಪುಟ್ಟ ಮಕ್ಕಳಿರುವ ಮನೆಯಲ್ಲಿ

ಮನೆಯಲ್ಲೇ ಬಿಸ್ಕತ್ತು ಮಾಡುವ ಹವ್ಯಾಸ ಒಳ್ಳೆಯದೇ. ವನಸ್ಪತಿಯ ಬದಲು ಬೆಣ್ಣೆ ಹಾಕಬಹುದು, ಸಕ್ಕರೆ ಎಷ್ಟೆಂಬುದು ನಿಮ್ಮ ಕೈಯಲ್ಲೇ ಇರುತ್ತದೆ. ಆದರೆ ಮನೆಯಲ್ಲಿ ಐದು ವರ್ಷದೊಳಗಿನ ಮಗುವಿದ್ದರೆ, ಅಂದಕ್ಕಾಗಿ ಮೇಲೆ ಒತ್ತುವ ಇಡೀ ಕಡಲೆಕಾಯಿಬೀಜ, ಗೋಡಂಬಿ ಚೂರುಗಳ ಬಗ್ಗೆ ಸ್ವಲ್ಪ ಯೋಚಿಸಿ.

ದವಡೆ ಹಲ್ಲು ಬಂದ ಮಾತ್ರಕ್ಕೆ ಮಗುವಿಗೆ ಚೆನ್ನಾಗಿ ಅಗಿಯಲು ಬರುವುದಿಲ್ಲ. ಗಟ್ಟಿ ಚೂರು ಬಾಯಲ್ಲಿರುವಾಗ ನಕ್ಕರೆ, ಅತ್ತರೆ, ಓಡಿದರೆ ಅದು ಉಸಿರಿನ ಜೊತೆ ಶ್ವಾಸನಾಳಕ್ಕೆ ಇಳಿಯಬಹುದು. ಮಗು ಜೋರಾಗಿ ಕೆಮ್ಮುತ್ತದೆ, ಮುಖ ಕೆಂಪಾಗುತ್ತದೆ. 'ನೆತ್ತಿಗೆ ಹತ್ತಿತು' ಎಂದು ಅಜ್ಜಿ ತಲೆ ತಟ್ಟುತ್ತಾರೆ. ಕೆಮ್ಮು ನಿಲ್ಲುತ್ತದೆ, ಎಲ್ಲರೂ ಮರೆಯುತ್ತಾರೆ. ಬೀಜ ಮಾತ್ರ ಒಳಗೇ ಉಳಿದು, ತೇವ ಹೀರಿ ಉಬ್ಬುತ್ತದೆ. ಅದರ ಎಣ್ಣೆಯಿಂದ ಸುತ್ತಲೂ ಉರಿಯೂತ. ವಾರಗಟ್ಟಲೆ ಕೆಮ್ಮು, ಎದೆಯ ಒಂದೇ ಕಡೆ ಸುಂಯ್‌ಗುಟ್ಟುವ ಸದ್ದು, ಜ್ವರ. ಸಿರಪ್ಪಿನ ಮೇಲೆ ಸಿರಪ್ಪು! ಬೀಜ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಆದ್ದರಿಂದ ಅಂದಿನ ಆ ಕೆಮ್ಮನ್ನು ನೆನಪಿಟ್ಟು ವೈದ್ಯರಿಗೆ ಹೇಳಿ. ಎಷ್ಟೋ ಸಲ ನಮಗೆ ಸಿಗುವ ಮುಖ್ಯ ಸುಳಿವು ಅದೊಂದೇ. ಅರಿವಳಿಕೆ ಕೊಟ್ಟು ಬ್ರಾಂಕೋಸ್ಕೋಪಿನಿಂದ ಚೂರನ್ನು ಹೊರತೆಗೆಯಬೇಕಾಗುತ್ತದೆ.

ಸಿಕ್ಕಿಕೊಂಡಾಗ ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಬಾಯೊಳಗೆ ಕುರುಡಾಗಿ ಬೆರಳು ಹಾಕಬೇಡಿ, ಚೂರು ಇನ್ನೂ ಒಳಗೆ ಹೋದೀತು. ಸದ್ದೇ ಹೊರಡದೆ ತುಟಿ ನೀಲಿಗಟ್ಟಿದರೆ, ಮುಂದಕ್ಕೆ ಬಾಗಿಸಿ ಎರಡು ಹೆಗಲೆಲುಬುಗಳ ನಡುವೆ ಅಂಗೈಯಿಂದ ಐದು ಬಾರಿ ಬಲವಾಗಿ ಹೊಡೆಯಿರಿ. ಇನ್ನೊಬ್ಬರು ಕೂಡಲೇ ಆಸ್ಪತ್ರೆಗೆ ಒಯ್ಯುವ ಏರ್ಪಾಡು ಮಾಡಲಿ.

ಹಾಗೆಂದು ಬಿಸ್ಕತ್ತನ್ನೇ ಬಿಡಬೇಕಿಲ್ಲ. ಬೀಜವನ್ನು ಹುರಿದು, ಸಿಪ್ಪೆ ತೆಗೆದು, ಪೂರ್ತಿ ಆರಿದ ಮೇಲೆ ಒಂದು ಚಮಚ ಗೋಧಿಹಿಟ್ಟು ಸೇರಿಸಿ ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಪುಡಿಯನ್ನು ಜರಡಿ ಹಿಡಿಯಿರಿ. ಒಂದು ಬಟ್ಟಲು ಪುಡಿಗೆ ಒಂದು ಬಟ್ಟಲು ಹಿಟ್ಟು, ಅರ್ಧರ್ಧ ಬಟ್ಟಲು ಬೆಣ್ಣೆ ಮತ್ತು ಪುಡಿಸಕ್ಕರೆ. 170 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ ಸುಮಾರು 15 ನಿಮಿಷ ಸಾಕು. ತೆಗೆದಾಗ ಮೆತ್ತಗಿರುತ್ತದೆ, ಆರಿದಂತೆ ಗರಿಯಾಗುತ್ತದೆ.

ಬೂಸ್ಟು ಹಿಡಿದ, ಸುಕ್ಕುಗಟ್ಟಿದ, ಕಹಿ ಬೀಜಗಳನ್ನು ಮೊದಲೇ ಆರಿಸಿ ಎಸೆಯಿರಿ. ಬೂಸ್ಟಿನ ಅಫ್ಲಾಟಾಕ್ಸಿನ್ ವಿಷ ಯಕೃತ್ತಿಗೆ ಹಾನಿಕರ. ಅದು ಓವನ್ನಿನ ಬಿಸಿಗೆ ಪೂರ್ತಿ ನಾಶವಾಗುವುದಿಲ್ಲ. ಬೀಜದ ತಿನಿಸು ತಿಂದು ಹಿಂದೆ ಎಂದಾದರೂ ತುಟಿ ಊದಿ, ಮೈಮೇಲೆ ದದ್ದು ಎದ್ದ ಮಗುವಿಗೆ ಪುಡಿಯೂ ಬೇಡ.

ಇನ್ನು ಅಂದಕ್ಕೆ, ಹಸಿ ಬಿಸ್ಕತ್ತಿನ ಮೇಲೆ ಫೋರ್ಕಿನಿಂದ ಗೆರೆ ಎಳೆಯಿರಿ. ಆ ಕೆಲಸವನ್ನು ಮಕ್ಕಳಿಗೇ ಕೊಡಬಹುದು.